ಹಾಸನಾಂಬೆಯ ಪಾಸು ನನ್ನ ಬಳಿ ಇಲ್ಲ

ನವರಾತ್ರಿಯ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವ ಮೊದಲೇ ನನ್ನ ಫೋನು ಹೊಡೆದುಕೊಳ್ಳಲು ಆರಂಭಿಸುತ್ತದೆ. ಕರೆ ಮಾಡುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ: ‘ಹಾಸನಾಂಬೆ ದರ್ಶನಕ್ಕೆ ಒಂದೆರಡು ಪಾಸ್ ಸಿಗುತ್ತಾ?’ ಇಪ್ಪತ್ತೆರಡು ವರ್ಷಗಳಿಂದ ಬಾಯಲ್ಲಿ ಉತ್ತರ ಹೇಳಿ ಹೇಳಿ ಗಂಟಲು ಆರಿರುವುದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ. ಇನ್ನು ಮುಂದೆ ಯಾರೇ ಕೇಳಿದರೂ ಇದನ್ನೇ ಕಳುಹಿಸುತ್ತೇನೆ. ಇಲ್ಲ, ಸಿಗುವುದಿಲ್ಲ. ನಾನು ಹಾಸನದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು, ನಮ್ಮ ಯಜಮಾನರು ಗೊಬ್ಬರದ ಅಂಗಡಿ ಇಟ್ಟುಕೊಂಡಿರುವವರು. ನಮ್ಮಿಬ್ಬರಲ್ಲಿ ಯಾರ ಸೊಂಟದಲ್ಲೂ ದೇವಿಯ ಬಾಗಿಲ ಬೀಗದ ಕೈ ಇಲ್ಲ.

ಪ್ರಶ್ನೆಯ ಮೇಲೆ ನನಗೆ ಅಷ್ಟು ಕೋಪವಿಲ್ಲ. ಕೋಪವಿರುವುದು ಅದನ್ನು ಕೇಳುವ ಬಗೆಯ ಮೇಲೆ. ನೇರವಾಗಿ ಪಾಸು ಕೇಳುವವರು ಅಪರೂಪ. ಮೊದಲು ನನ್ನ ಮಂಡಿನೋವು ಹೇಗಿದೆ ಎಂದು ವಿಚಾರಿಸುತ್ತಾರೆ, ಮಗಳ ಓದು ಯಾವ ಹಂತದಲ್ಲಿದೆ ಎನ್ನುತ್ತಾರೆ, ಹಾಸನದಲ್ಲಿ ಮಳೆಯಾಯಿತೇ ಎನ್ನುತ್ತಾರೆ, ಆಮೇಲೆ ‘ಅಂದಹಾಗೆ’ ಎಂಬ ಪದ ಬರುತ್ತದೆ. ಹಲವು ವರ್ಷ ಗಮನಿಸಿ ನಾನು ಕಂಡುಕೊಂಡಿರುವ ಒಂದು ಸೂತ್ರವಿದೆ: ಕ್ಷೇಮ ಸಮಾಚಾರ ಎಷ್ಟು ಉದ್ದವೋ ಬೇಕಾಗಿರುವ ಪಾಸುಗಳ ಸಂಖ್ಯೆಯೂ ಅಷ್ಟೇ ದೊಡ್ಡದು. ಮಂಡಿಯಲ್ಲಿ ನಿಂತರೆ ಇಬ್ಬರು. ಮಾತು ಮಗಳ ಓದನ್ನೂ ದಾಟಿ ಮಳೆಗೆ ಬಂದಿತೆಂದರೆ ಟೆಂಪೋ ಟ್ರಾವೆಲರ್ ಆಗಲೇ ಗೊತ್ತಾಗಿದೆ ಎಂದು ತಿಳಿಯಬೇಕು. ನಾನು ಇಲ್ಲವೆಂದ ಕೂಡಲೇ ಬರುವ ವಾಕ್ಯವೂ ಪ್ರತಿ ವರ್ಷ ಒಂದೇ: ‘ಏನ್ ಅತ್ತಿಗೆ, ಲೋಕಲ್ ಅಲ್ವಾ ನೀವು, ಗೊತ್ತಿರೋರು ಯಾರಾದ್ರೂ ಇರ್ತಾರಪ್ಪ.’ ಊರಿನವರು ಎಂದರೆ ದೇವಿಗೆ ಮನೆ ಬಾಡಿಗೆಗೆ ಕೊಟ್ಟವರು ಎಂಬ ಭಾವನೆ ಎಲ್ಲಿಂದ ಬಂತೋ ತಿಳಿಯದು.

ದೂರದವರಿಗಾಗಿ ಸ್ವಲ್ಪ ವಿವರಣೆ. ಹಾಸನಾಂಬೆಯ ಗರ್ಭಗುಡಿ ವರ್ಷಕ್ಕೆ ಒಮ್ಮೆ ಮಾತ್ರ ತೆರೆಯುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರ ಬರುವ ಮೊದಲ ಗುರುವಾರ, ಅರಸು ಮನೆತನದವರು ಬಾಳೆಕಂದು ಕಡಿದ ಮೇಲೆ ಬಾಗಿಲು ತೆಗೆಯುತ್ತಾರೆ. ಬಲಿಪಾಡ್ಯಮಿಯ ಮರುದಿನದ ಹೊತ್ತಿಗೆ ಮತ್ತೆ ಮುಚ್ಚುತ್ತಾರೆ. ಹಚ್ಚಿಟ್ಟ ದೀಪ ಮುಂದಿನ ವರ್ಷ ಬಾಗಿಲು ತೆರೆಯುವವರೆಗೂ ಆರುವುದಿಲ್ಲ, ಮುಡಿಸಿದ ಹೂವು ಬಾಡುವುದಿಲ್ಲ ಎಂಬುದು ಊರಿನ ನಂಬಿಕೆ. ಹುಣ್ಣಿಮೆಗೂ ಗುರುವಾರಕ್ಕೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ದಿನಗಳ ಲೆಕ್ಕವೂ ಬದಲಾಗುತ್ತದೆ. 2024ರಲ್ಲಿ ಅಕ್ಟೋಬರ್ 24ರಿಂದ ನವೆಂಬರ್ 3ರವರೆಗೆ 11 ದಿನ ಸಿಕ್ಕಿದರೆ, 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ 15 ದಿನ ಸಿಕ್ಕಿತು. ಇದರಲ್ಲಿ ಮೊದಲ ದಿನವೂ ಕೊನೆಯ ದಿನವೂ ಸಾರ್ವಜನಿಕರಿಗೆ ದರ್ಶನವಿರುವುದಿಲ್ಲ. ಉಳಿದಷ್ಟು ದಿನಗಳಲ್ಲಿ ನಾಡಿನ ಮೂಲೆ ಮೂಲೆಯವರೂ ನೋಡಿ ಮುಗಿಸಬೇಕು. ಆದ್ದರಿಂದ ನಿಮ್ಮ ಆತುರ ನನಗೆ ಅರ್ಥವಾಗುತ್ತದೆ. ನನಗೆ ಅರ್ಥವಾಗದಿರುವುದು ಆ ಆತುರಕ್ಕೂ ನನ್ನ ಅಡುಗೆಮನೆಗೂ ಇರುವ ಸಂಬಂಧ.

ದೇವಿಯರೂ ಮೂಲದಲ್ಲಿ ಈ ಊರಿಗೆ ಬಂದ ನೆಂಟರೇ. ಕಾಶಿಯ ಕಡೆಯಿಂದ ಹೊರಟ ಸಪ್ತಮಾತೃಕೆಯರು ದಾರಿಯಲ್ಲಿ ಈ ಸ್ಥಳವನ್ನು ಮೆಚ್ಚಿ ಇಲ್ಲೇ ಉಳಿದರು ಎಂದು ಐತಿಹ್ಯ ಹೇಳುತ್ತದೆ. ಆದರೆ ಏಳು ಮಂದಿಯೂ ಒಂದೇ ಸೂರಿನಡಿ ಮೈಚೆಲ್ಲಲಿಲ್ಲ. ವೈಷ್ಣವಿ, ಕೌಮಾರಿ, ಮಾಹೇಶ್ವರಿಯರು ಹುತ್ತದ ರೂಪದಲ್ಲಿ ಗುಡಿಯಲ್ಲಿ ನೆಲೆಸಿದರೆ, ಮೂವರು ದೇವಿಗೆರೆಗೆ ಹೋದರು. ಬ್ರಾಹ್ಮಿಯು ಕೆಂಚಮ್ಮನಾಗಿ ಆಲೂರು ತಾಲ್ಲೂಕಿನ ಹೊಸಕೋಟೆಯಲ್ಲಿ ಬೇರೆಯೇ ಮನೆ ಮಾಡಿದಳು. ಒಂದೇ ಮನೆಯ ಮೇಲೆ ಎಷ್ಟು ಭಾರ ಹೇರಬಹುದು ಎಂಬ ಈ ವಿವೇಕವು ನಮ್ಮ ಬಂಧುಗಳಿಗೆ ಇನ್ನೂ ಒಲಿದಿಲ್ಲ.

2024ರಲ್ಲಿ ಬಾಗಿಲು ತೆರೆದ ಮೊದಲ ಶನಿವಾರದ ಹಿಂದಿನ ರಾತ್ರಿ ನನ್ನ ಮೈದುನ ಬೆಂಗಳೂರಿನಿಂದ ಬಂದಿಳಿದ. ಮೈದುನ ಎಂದರೆ ಯಜಮಾನರ ಚಿಕ್ಕಪ್ಪನ ಮಗ. ಅವನು, ಅವನ ಹೆಂಡತಿ, ಮಕ್ಕಳು, ಅವಳ ತಂದೆ ತಾಯಿ, ಆ ತಾಯಿಯ ತಂಗಿ, ತಂಗಿಯ ಮನೆಯವರು, ಹೀಗೆ ಒಟ್ಟು ಹದಿಮೂರು ಮಂದಿ. ಅವರ ಬರವನ್ನು ನಾವು ಎರಡು ದಿನ ಮೊದಲೇ ತಿಳಿದಿದ್ದೆವು. ಹದಿಮೂರನ್ನು ಮಾತ್ರ ಬಾಗಿಲು ತೆರೆದಾಗಲೇ ಎಣಿಸಿದೆವು. ನಮ್ಮ ಮನೆಯಲ್ಲಿರುವುದು ಒಂಬತ್ತು ರಗ್ಗು. ಆ ರಾತ್ರಿಯ ಚಳಿಯಲ್ಲಿ ನಾನು ಇಸ್ತ್ರಿ ಮಾಡಲು ಹಾಸುವ ಕಂಬಳಿಯನ್ನು ಹೊದ್ದು ಅಡುಗೆಮನೆಯಲ್ಲಿ ಮಲಗಿದೆ. ಅದರಲ್ಲಿ ಶರ್ಟಿನ ಕಾಲರ್ ಸುಟ್ಟ ವಾಸನೆ ಇತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ವರ್ಷ ನನ್ನ ಬಳಿ ಒಂದು ಪಾಸು ಇತ್ತು. ಲೋಕಲ್ ಎಂಬ ಮಾತು ಆ ಸಲ ಏಕೋ ನಾಟಿತು. ಮರ್ಯಾದೆ ಉಳಿಸಿಕೊಳ್ಳುವ ಹಟದಲ್ಲಿ ಒಬ್ಬ ವಿದ್ಯಾರ್ಥಿಯ ತಂದೆಯನ್ನು, ಕಣ್ಣು ಕೆಳಗೆ ಮಾಡಿಕೊಂಡು, ಕೇಳಿದ್ದೆ. ಅವರು ಪಾಪ, ಎಲ್ಲಿಂದಲೋ ತಂದುಕೊಟ್ಟರು. ಆ ಹುಡುಗನ ಉತ್ತರ ಪತ್ರಿಕೆಯನ್ನು ತಿದ್ದುವಾಗ ನನ್ನ ಕೆಂಪು ಪೆನ್ನು ಎರಡು ಕಡೆ ತಡೆದು ನಿಂತದ್ದು ನಿಜ. ಆದರೆ ಅರ್ಧ ಅಂಕವನ್ನೂ ಹೆಚ್ಚಿಗೆ ಕೊಡಲಿಲ್ಲ. ಯಾರಿಗಾದರೂ ಅನುಮಾನವಿದ್ದರೆ ಪತ್ರಿಕೆಯನ್ನು ತರಿಸಿ ನೋಡಬಹುದು.

ಆ ಪಾಸಿನಲ್ಲಿ ಇಬ್ಬರಿಗೆ ಮಾತ್ರ ಪ್ರವೇಶವಿತ್ತು. ಬಂದವರು ಹದಿಮೂರು. ಭಾಗಾಕಾರ ತಿಳಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಹಿರಿಯರಿಗೆ ಕೊಡಬೇಕು ಎಂದು ಮೈದುನ ಹೇಳಿದ. ಅವನ ಅತ್ತೆ ತಂಗಿಯನ್ನು ಬಿಟ್ಟು ಹೋಗಲಾರೆ ಎಂದರು. ಮಾವನವರು, ನೀವಿಬ್ಬರೂ ಹೋಗಿ, ನನಗೇನು, ನಾನು ಟಿವಿಯಲ್ಲಿ ನೋಡಿಕೊಳ್ಳುತ್ತೇನೆ ಎಂದು ಎಂಥ ಧ್ವನಿಯಲ್ಲಿ ಹೇಳಿದರೆಂದರೆ ಆಮೇಲೆ ಯಾರೂ ಹೋಗುವಂತಿರಲಿಲ್ಲ. ನಾನು ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಇಪ್ಪತ್ತನೆಯ ರೊಟ್ಟಿ ಕಾವಲಿಗೆ ಬೀಳುವ ಹೊತ್ತಿಗೂ ಪಾಸು ಟಿವಿಯ ಪಕ್ಕದ ಹಣ್ಣಿನ ತಟ್ಟೆಯ ಕೆಳಗೇ ಇತ್ತು. ಕೊನೆಗೆ ಬೆಳಗಿನ ಜಾವ ಮೈದುನ ಮತ್ತು ಅವನ ಹೆಂಡತಿ, ಯಾರಿಗೂ ಬೇಸರವಾಗಬಾರದೆಂಬ ಒಂದೇ ಕಾರಣಕ್ಕೆ, ತಾವೇ ಅದನ್ನು ತೆಗೆದುಕೊಂಡು ಹೋದರು. ಉಳಿದವರು 300 ರೂಪಾಯಿಯ ಟಿಕೆಟಿನ ಸಾಲಿಗೆ ನಡೆದರು.

ಈ ಗದ್ದಲದಲ್ಲಿ ಒಬ್ಬರನ್ನು ಎಲ್ಲರೂ ಮರೆತಿದ್ದರು. ನಮ್ಮ ದೊಡ್ಡತ್ತೆ, ಅಂದರೆ ನನ್ನ ಅತ್ತೆಯ ಅಕ್ಕ, ಅರಕಲಗೂಡಿನ ಕಡೆಯ ಹಳ್ಳಿಯವರು, ಎಪ್ಪತ್ತು ದಾಟಿದವರು. 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಆಧಾರ್ ಕಾರ್ಡನ್ನು ಎಲೆಅಡಿಕೆಯ ಚೀಲದಲ್ಲಿಟ್ಟುಕೊಂಡು ಯಾರನ್ನೂ ಕೇಳದೆ ಓಡಾಡುವ ಅವರು, ಅಂದು ಸಂಜೆಯೇ ಬಂದು ಮೂಲೆಯ ಚಾಪೆ ಹಿಡಿದಿದ್ದರು. ಪಾಸಿನ ಚರ್ಚೆಗೆ ಅವರು ಕೊಟ್ಟ ಕೊಡುಗೆ ಒಂದೇ ಮಾತು: ‘ನಿಮ್ ಚೀಟಿ ನೀವೇ ಇಟ್ಕೊಳಿ ಕಣ್ರಪ್ಪ, ನಂಗ್ಯಾಕೆ.’ ರಾತ್ರಿ ಎರಡೂವರೆಗೆ ಎದ್ದು, ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ನಮ್ಮ ಯಜಮಾನರ ಸ್ಕೂಟರಿನ ಹಿಂದೆ ಕುಳಿತು ಹೋಗಿ ಧರ್ಮದರ್ಶನದ ಸಾಲಿನಲ್ಲಿ ನಿಂತರು. ಏಳೂವರೆಗೆ ಮನೆಯಲ್ಲಿದ್ದರು. ಪಾಸಿನವರು ಬಂದದ್ದು ಹತ್ತೂ ಕಾಲಿಗೆ. ಪಾಸು ಇದ್ದವರೇ ಅಂದು ಹೆಚ್ಚಾಗಿದ್ದರಂತೆ. ಅವರು ಬಂದು ಮುಖ ಊದಿಸಿಕೊಂಡು ಕುಳಿತಾಗ ದೊಡ್ಡತ್ತೆ ಸ್ನಾನ ಮುಗಿಸಿ, ಕುಂಕುಮ ಇಟ್ಟುಕೊಂಡು, ನನ್ನೊಂದಿಗೆ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಸಾಲಿನಲ್ಲಿ ಅವರಿಗೆ ಹೊಳೆನರಸೀಪುರದ ಕಡೆಯ ಒಬ್ಬ ಹೆಂಗಸಿನ ಗುರುತಾಗಿ, ಆಕೆಯ ಮಗನಿಗೆ ನಮ್ಮ ಕಡೆಯ ಒಂದು ಹೆಣ್ಣನ್ನೂ ಹೇಳಿ ಬಂದಿದ್ದರು.

ಸೊಪ್ಪು ಬಿಡಿಸುತ್ತಲೇ, ತಲೆ ಎತ್ತದೆ, ಅವರು ನನ್ನನ್ನು ಕೇಳಿದರು: ‘ನೀನ್ ಯಾವಾಗ ಹೋಯ್ತೀಯ ಮಗಾ?’

ಮದುವೆಯಾಗಿ ಈ ಊರಿಗೆ ಬಂದು ಅಷ್ಟು ವರ್ಷಗಳಾದರೂ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವೂ ಇರಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಹಾಸನಾಂಬೆಯನ್ನು ಕಂಡಿರುವುದು ಐದು ಸಲ, ಅದರಲ್ಲಿ ಎರಡು ಸಲ ಮದುವೆಯಾದ ಹೊಸತರಲ್ಲಿ. ಉಳಿದ ವರ್ಷಗಳಲ್ಲಿ ಬಾಗಿಲು ತೆರೆದಿದ್ದ ದಿನಗಳೆಲ್ಲ ಹಾಲು ಕಾಯಿಸುವುದರಲ್ಲಿ, ಕಜ್ಜಾಯದ ಪಾಕ ನೋಡುವುದರಲ್ಲಿ, ಬಂದವರಿಗೆ ಸ್ನಾನದ ಸರದಿ ಗೊತ್ತುಮಾಡುವುದರಲ್ಲಿ ಕಳೆದುಹೋಗಿವೆ.

ಆ ಗುಡಿಯೊಳಗೆ ಸೊಸೆ ಕಲ್ಲು ಎಂಬುದೊಂದಿದೆ. ನಿತ್ಯ ದೇವಿಯ ದರ್ಶನಕ್ಕೆ ಹೋಗುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು, ಮನೆಗೆಲಸಕ್ಕಿಂತ ನಿನಗೆ ದೇವರು ಹೆಚ್ಚಾಯಿತೇ ಎಂದು ಚಂದನದ ಬಟ್ಟಲಿನಿಂದ ತಲೆಗೆ ಕುಟ್ಟಿದಳಂತೆ. ಸೊಸೆ ದೇವಿಯನ್ನು ಕೂಗಿಕೊಂಡಳು, ಕಲ್ಲಾದಳು. ಆ ಕಲ್ಲು ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತಿದೆ, ಅದು ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎಂದು ಹೇಳುತ್ತಾರೆ. ಒಮ್ಮೆ ಎಂಟನೆಯ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟಿದ್ದೆ: ಭತ್ತದ ಕಾಳು 8 ಮಿಲಿಮೀಟರ್ ಎಂದಿಟ್ಟುಕೊಂಡರೆ ಒಂದು ಮೀಟರ್ ಸಾಗಲು ಎಷ್ಟು ವರ್ಷ ಬೇಕು? ಉತ್ತರ 125. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ‘ಮಿಸ್, ಅವ್ರಿಗೆ ಪಾಸ್ ಇರ್ಲಿಲ್ವಾ?’ ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಅಂದು ಸಂಜೆ ಮನೆಯವರೆಗೂ ಆ ಮಾತು ನನ್ನ ಜೊತೆಯಲ್ಲೇ ಬಂತು. ನನ್ನ ಅತ್ತೆ ಎಂದೂ ಬಟ್ಟಲು ಎತ್ತಿದವರಲ್ಲ, ಇದನ್ನು ಸ್ಪಷ್ಟವಾಗಿ ದಾಖಲಿಸುತ್ತೇನೆ. ನನ್ನನ್ನು ತಡೆದದ್ದು ಅತ್ತೆಯಲ್ಲ, ನೀವು.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ವರ್ಷದ 365 ದಿನಗಳಲ್ಲಿ 15 ಕಳೆದರೆ 350 ಉಳಿಯುತ್ತವೆ. ಆ 350 ದಿನಗಳಲ್ಲೂ ನಾವು ಹಾಸನದಲ್ಲೇ ಇರುತ್ತೇವೆ. ಅದೇ 2024ರ ಜೂನ್‌ನಲ್ಲಿ ನಮ್ಮ ಮಾವನವರು ಒಂದು ವಾರ ಆಸ್ಪತ್ರೆಯಲ್ಲಿದ್ದರು. ಹದಿಮೂರು ಮಂದಿಯನ್ನು ಕರೆತಂದ ಮೈದುನನು ಆಗ ಕೈಮುಗಿದ ಹಸ್ತಗಳ ಚಿತ್ರವೊಂದನ್ನು ವಾಟ್ಸಾಪಿನಲ್ಲಿ ಕಳುಹಿಸಿದ್ದ. ದೂರ ಎನ್ನುವಂತೆಯೂ ಇಲ್ಲ. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಂದ ದಿನವೇ ಆ ನೆಪಕ್ಕೆ ಎಳ್ಳುನೀರು ಬಿಟ್ಟಾಗಿದೆ. ಫೆಬ್ರವರಿಯ ಒಂದು ಭಾನುವಾರ ಬಂದು ನೋಡಿ. ಸಂಜೆ ಮಹಾರಾಜ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಕಡಲೆಕಾಯಿ ತಿಂದು, ಮನೆಗೆ ಬಂದು ಬಿಸಿ ಮುದ್ದೆ, ಅವರೆಕಾಳಿನ ಸಾರು ಊಟ ಮಾಡಬಹುದು. ಬೇಲೂರಿಗೆ ಒಂದು ಗಂಟೆಯ ದಾರಿ. ಚೆನ್ನಕೇಶವನ ಬಾಗಿಲು ವರ್ಷವಿಡೀ ತೆರೆಯುತ್ತದೆ, ಅದಕ್ಕೆ ಪಾಸನ್ನು ಯಾರೂ ಕೇಳುವುದಿಲ್ಲ. ಅಂಥ ದಿನಗಳಲ್ಲಿ ಕೂತು ಮಾತನಾಡಲು ನನಗೂ ಬಿಡುವಿರುತ್ತದೆ. ದೊಡ್ಡತ್ತೆ ಹಾಗೆ ಬರುತ್ತಾರೆ, ತಿಂಗಳಿಗೊಮ್ಮೆ, ಮುನ್ಸೂಚನೆಯಿಲ್ಲದೆ, ತಮ್ಮ ಹಿತ್ತಲಿನ ನಿಂಬೆಹಣ್ಣು ಕಟ್ಟಿಕೊಂಡು. ಅವರು ಬಂದರೆ ನನಗೆ ಕೆಲಸ ಹೆಚ್ಚಾದದ್ದು ನೆನಪಿಲ್ಲ.

2025ರಲ್ಲಿ ನಾನು ಹೋದೆ. ಮಂಗಳವಾರ, ಶುಕ್ರವಾರ, ರಜಾದಿನಗಳನ್ನು ಬಿಟ್ಟು ಒಂದು ಬುಧವಾರ ಶಾಲೆಗೆ ಅರ್ಧ ದಿನದ ರಜೆ ಹಾಕಿ, ಬೆಳಗಿನ ಜಾವ ಮೂರಕ್ಕೆ ದೊಡ್ಡತ್ತೆಯೊಂದಿಗೆ ಧರ್ಮದರ್ಶನದ ಸಾಲಿನಲ್ಲಿ ನಿಂತೆ. ಮನೆಯಲ್ಲಿ ಆ ದಿನ ಐದು ಮಂದಿ ನೆಂಟರಿದ್ದರು. ಉಪ್ಪಿಟ್ಟಿನ ರವೆ ಹುರಿದಿಟ್ಟಿದ್ದೇನೆ, ಈರುಳ್ಳಿ ಬುಟ್ಟಿಯಲ್ಲಿದೆ ಎಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋಗಿದ್ದೆ. ಯಾರೂ ಉಪವಾಸ ಬೀಳಲಿಲ್ಲ. ಈರುಳ್ಳಿಯನ್ನು ಯಾರು ಹೆಚ್ಚಬೇಕೆಂಬ ಬಗ್ಗೆ ಸ್ವಲ್ಪ ಚರ್ಚೆ ನಡೆದಿತ್ತೆಂದು ಮಗಳು ಹೇಳಿದಳು.

ಆದ್ದರಿಂದ ಈ ವರ್ಷ ಕೇಳಲಿರುವವರಿಗೆಲ್ಲ ನನ್ನ ಉತ್ತರ ಇದು. ಪಾಸು ಇಲ್ಲ, ತರಿಸಿಕೊಡುವುದೂ ಇಲ್ಲ, ತರಿಸಿಕೊಡುವವರ ನಂಬರೂ ಇಲ್ಲ. 300 ರೂಪಾಯಿಯ ಟಿಕೆಟ್ಟು ಬೇಕೋ 1000 ರೂಪಾಯಿಯದು ಬೇಕೋ ನೀವೇ ನೋಡಿಕೊಳ್ಳಬೇಕು. ಕಾಲಿನಲ್ಲಿ ಶಕ್ತಿಯಿದ್ದವರು ವಾರದ ನಡುವೆ ಬಂದು ನಡುರಾತ್ರಿಯ ನಂತರ ಧರ್ಮದರ್ಶನದ ಸಾಲಿಗೆ ಹೋಗಬಹುದು, ದಾರಿಯನ್ನು ದೊಡ್ಡತ್ತೆ ತೋರಿಸುತ್ತಾರೆ. ಮನೆಗೆ ಬರಬೇಡಿ ಎಂದು ನಾನು ಹೇಳಿಲ್ಲ, ಮುಂದೆ ಹಾಗೆ ಹೇಳಿದಳೆಂದು ಮದುವೆಮನೆಗಳಲ್ಲಿ ಆಡಿಕೊಳ್ಳಬಾರದು. ಬನ್ನಿ. ಎಷ್ಟು ಜನವೆಂಬುದನ್ನು ಮೊದಲೇ ತಿಳಿಸಿ. ಒಂಬತ್ತಕ್ಕಿಂತ ಹೆಚ್ಚಿದ್ದರೆ ಹೊದಿಕೆಗಳನ್ನು ನೀವೇ ತನ್ನಿ.