ವಾಚು ಎಣಿಸಿದ್ದು ಏನನ್ನು?

12 ಜನವರಿ 2025, ಭಾನುವಾರ
ಮೈಸೂರು

ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಕ್ಕಳಿಗೆ ನಿಧಾನದ ಓಟ. ಚಳಿ ಜೋರಾಗಿತ್ತು. ನಮ್ಮ 1500 ಮೀಟರ್ ಹುಡುಗಿಗೆ ಅವಳ ಸೋದರಮಾವ ಸ್ಮಾರ್ಟ್‌ವಾಚ್ ಕೊಡಿಸಿದ್ದಾರೆ. ಸ್ವಲ್ಪ ದೂರ ಓಡಿದವಳೇ ಬಂದು ಪಕ್ಕಕ್ಕೆ ನಿಂತಳು.

‘ಸರ್, ಹಾರ್ಟ್‌ರೇಟ್ 174 ತೋರಿಸ್ತಿದೆ. ಏನಾದ್ರೂ ಆಗತ್ತಾ?’

ಮುಖದಲ್ಲಿ ಬೆವರಿಲ್ಲ, ಮಾತು ಸರಾಗ. ‘ಕತ್ತಿನ ಹತ್ರ ನಾಡಿ ಹಿಡಿದು 15 ಸೆಕೆಂಡ್ ಎಣಿಸಮ್ಮ’ ಅಂದೆ. 34 ಬಂತು, ಅಂದರೆ ನಿಮಿಷಕ್ಕೆ 136. ನಿಂತ ತಕ್ಷಣ ಬಡಿತ ಕೊಂಚ ಇಳಿಯುತ್ತದೆ ಅಂತ ಬಿಟ್ಟುಕೊಟ್ಟರೂ 174 ಎಲ್ಲಿಂದ?

ಅದು ಅವಳ ಹೆಜ್ಜೆಯ ಲೆಕ್ಕ. ವಾಚಿನ ಹಿಂಬದಿಯ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಒಂದೊಂದು ಬಡಿತಕ್ಕೂ ನಾಳದಲ್ಲಿ ರಕ್ತ ಏರಿಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಸೆನ್ಸರ್ ಎಣಿಸುವುದು ಅದನ್ನು. ಓಡುವಾಗ ಕೈ ಬೀಸುವ ಕುಲುಕಾಟಕ್ಕೂ ಅಂಥದೇ ಏರಿಳಿತ ಹುಟ್ಟುತ್ತದೆ. ಓಟಗಾರರ ಹೆಜ್ಜೆ ನಿಮಿಷಕ್ಕೆ 160–180ರ ಆಸುಪಾಸು, ವಾಚು ಅದನ್ನೇ ಬಡಿತ ಅಂದುಕೊಳ್ಳುತ್ತದೆ. ಚಳಿಗೆ ಚರ್ಮದ ರಕ್ತನಾಳ ಕುಗ್ಗಿದಾಗಂತೂ ಈ ಗೊಂದಲ ಇನ್ನೂ ಹೆಚ್ಚು. ಸಾಲದ್ದಕ್ಕೆ ಇವಳ ವಾಚು ಬಳೆಯಂತೆ ಮಣಿಕಟ್ಟಿನ ಮೂಳೆ ಮೇಲೆ ಆಡುತ್ತಿತ್ತು! ಎರಡು ಬೆರಳು ಮೇಲಕ್ಕೆ ಸರಿಸಿ ಬಿಗಿಯಾಗಿ ಕಟ್ಟಿಸಿದೆ.

ಎದೆಗೆ ಕಟ್ಟುವ ಪಟ್ಟಿಗೆ ಈ ತಾಪತ್ರಯ ಕಡಿಮೆ, ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ವೈರಿಲ್ಲದ ಇಂಥ ಸಾಧನ ಮಾರುಕಟ್ಟೆಗೆ ತಂದಿತ್ತು. ಹಳೇ ಕಾಲದ್ದು ಅಂತ ಮಕ್ಕಳು ಮೂಗು ಮುರಿಯುತ್ತಾರೆ. ಕಟ್ಟುವ ಮುಂಚೆ ನೀರು ಹಚ್ಚಬೇಕು, ಒಣ ಮೈಗೆ ಕಟ್ಟಿದರೆ ಅದೂ ಬಾಯಿಗೆ ಬಂದದ್ದು ಹೇಳುತ್ತದೆ.

ಓಟ ಹಗುರವೋ ಜೋರೋ ಅಂತ ಬಡಿತ ನೋಡಿ ವಾಚು ತೋರಿಸುವ ಬಣ್ಣಬಣ್ಣದ ಝೋನ್‌ಗಳನ್ನೂ ನಾನು ನಂಬುವುದಿಲ್ಲ. ಅವುಗಳಿಗೆ ಸಾಮಾನ್ಯವಾಗಿ ಆಧಾರವಾಗುವ ಗರಿಷ್ಠ ಬಡಿತವನ್ನು 220ರಲ್ಲಿ ವಯಸ್ಸು ಕಳೆದು ಅಂದಾಜಿಸುವ ಲೆಕ್ಕ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು.

ಹಾಗಂತ ವಾಚು ದಂಡವಲ್ಲ. ಕೈ ಅಲ್ಲಾಡದೆ ಮಲಗಿರುವಾಗ ಅದರ ಎಣಿಕೆ ಚೆನ್ನಾಗಿರುತ್ತದೆ. ವಿಶ್ರಾಂತಿಯ ಬಡಿತ ಅವರವರ ಮಾಮೂಲಿಗಿಂತ ಏಳೆಂಟು ಹೆಚ್ಚಾಗಿ ಎರಡು ಮೂರು ದಿನ ಹಾಗೇ ಉಳಿದರೆ ನಾನು ಓಟ ಇಳಿಸುತ್ತೇನೆ. ನಿದ್ದೆಗೆಟ್ಟಿರಬಹುದು, ಜ್ವರ ಬರುತ್ತಿರಬಹುದು, ಇಲ್ಲಾ ನಾನೇ ಅತಿಯಾಗಿ ಓಡಿಸಿರಬಹುದು. ಮೊದಲೆಲ್ಲ ಎದ್ದ ತಕ್ಷಣ ನಾಡಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳುತ್ತಿದ್ದೆ. ವಾರಪೂರ್ತಿ 60, 60, 60. ಎಣಿಸಿದವರು ಯಾರು!

ಈ ಹುಡುಗಿಯದು ವಾರದಿಂದ 52–53, ಇವತ್ತು 54. ‘ರಿಕವರಿ ಸ್ಕೋರ್ ಕಡಿಮೆ ಇದೆ, ಸರ್’ ಅಂತ ರಾಗ ಎಳೆದಳು. ಮೈ ಎಷ್ಟು ಸುಧಾರಿಸಿಕೊಂಡಿದೆ ಅಂತ ವಾಚು ಕೊಡುವ ಅಂಕ ಅದು. ಓಟ ಇಳಿಸಲು ನಾನು ಒಪ್ಪಲಿಲ್ಲ. ಮಂಗಳವಾರ ಸಂಕ್ರಾಂತಿ, ಯಾರೂ ಬರುವುದಿಲ್ಲ. ಬುಧವಾರ ಚಾಮುಂಡಿ ವಿಹಾರದ ಟ್ರ್ಯಾಕಿನಲ್ಲಿ ಆರು 400 ಮೀಟರ್. ಎದೆಪಟ್ಟಿ ಅವಳಿಗೆ, ಟೈಮಿಂಗ್‌ಗೆ ನನ್ನ ಸ್ಟಾಪ್‌ವಾಚ್.