ಇಕೋಸಿಸ್ಟಮ್ ಶೀಟ್: ಬಳ್ಳಾರಿಯಿಂದ ಒಂದು ವರದಿ

ನೋಟ್‌ಬುಕ್ಕಿನಲ್ಲಿದ್ದ ನನ್ನ 'ಇಕೋಸಿಸ್ಟಮ್' ಸಂಗ್ರಹ ಈಗ ಪೂರ್ತಿ ಎಕ್ಸೆಲ್ ಶೀಟಿಗೆ ಬಂದಿದೆ. ಹೊಸಬರಿಗೆ ಒಂದು ಮಾತು: ಇಕೋಸಿಸ್ಟಮ್ ಅಂದರೆ ಪರಿಸರ ವ್ಯವಸ್ಥೆ. ಕಾಡು, ಕೆರೆಗಳ ವಿಷಯಕ್ಕೆ ಸಂಬಂಧವೇ ಇಲ್ಲದ ಕಡೆ ಇಂಗ್ಲಿಷಿನಲ್ಲಿ ಬರೆಯೋರು ಈ ಪದವನ್ನು ಎಲ್ಲೆಲ್ಲಿ ತುರುಕಿದ್ದಾರೆ ಅಂತ ಹೆಕ್ಕಿಡೋದು ನನ್ನ ಹವ್ಯಾಸ. ಬಳ್ಳಾರಿಯಲ್ಲಿ ಡಿಟಿಪಿ ಅಂಗಡಿ ಇಟ್ಟವನು ಇದಕ್ಕಾಗಿ ಊರೂರು ಅಲೆಯಬೇಕಿಲ್ಲ. ಕಾಲೇಜಿನ ಪ್ರಾಸ್ಪೆಕ್ಟಸ್, ಲೇಔಟ್‌ನವರ ಬ್ರೋಷರ್, ಜಿಮ್ ಉದ್ಘಾಟನೆಯ ಫ್ಲೆಕ್ಸ್, ಎಲ್ಲಾ ನನ್ನ ಟೇಬಲ್ಲಿಗೇ ಬಂದು ಬೀಳುತ್ತವೆ. ಗಿರಾಕಿಯ ಹೆಸರು ಅಳಿಸಿ ವಾಕ್ಯ ಮಾತ್ರ ಇಟ್ಟುಕೊಳ್ಳುತ್ತೇನೆ.

ಶೀಟಿನಲ್ಲಿ ಮೊದಲು ಮೂರು ಕಾಲಂ ಇದ್ದವು. ಎಲ್ಲಿ ಸಿಕ್ಕಿತು, ವಾಕ್ಯ ಏನು, ಪದ ಕಿತ್ತು ಹಾಕಿದರೆ ಏನು ಕಳೆದುಹೋಗುತ್ತೆ. ಮೂರನೆಯದು ಹೆಚ್ಚೂಕಡಿಮೆ ಖಾಲಿ. 'ಲರ್ನಿಂಗ್ ಇಕೋಸಿಸ್ಟಮ್' ಅಂದರೆ ಕಾಲೇಜು. 'ಫಿಟ್‌ನೆಸ್ ಇಕೋಸಿಸ್ಟಮ್' ಅಂದರೆ ಜಿಮ್, ಜೊತೆಗೆ ಪ್ರೋಟೀನ್ ಪುಡಿ ಮಾರೋ ಕೌಂಟರ್. ಲೇಔಟ್ ಬ್ರೋಷರ್ ಒಂದರಲ್ಲಿ 'ಲಿವಿಂಗ್ ಇಕೋಸಿಸ್ಟಮ್' ಅಂತಿತ್ತು. ಕೆಳಗಿನ ಫೋಟೋದಲ್ಲಿ ಜಾಲಿ ಗಿಡಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿದ್ದರು, ಪಕ್ಕದಲ್ಲಿ ಜೆಸಿಬಿ ನಿಂತಿತ್ತು. ಆ ಫೋಟೋವನ್ನು ಶೀಟಿಗೆ ಅಂಟಿಸಿದ್ದೇನೆ, ಟಿಪ್ಪಣಿ ಬೇಕಾಗಲಿಲ್ಲ.

ಈ ಸಲ ಜಾಸ್ತಿ ಸಮಯ ತಿಂದಿದ್ದು ಪದದ ಹಿನ್ನೆಲೆ. ಇದನ್ನು ಅಚ್ಚಿನಲ್ಲಿ ಮೊದಲು ಬಳಸಿದವರು ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ, 1935ರಲ್ಲಿ, 'ಇಕಾಲಜಿ' ಪತ್ರಿಕೆಯ ಒಂದು ಲೇಖನದಲ್ಲಿ. (ಈ ಮನುಷ್ಯ ಅದಕ್ಕೂ ಮುಂಚೆ ವಿಯೆನ್ನಾಕ್ಕೆ ಹೋಗಿ ಫ್ರಾಯ್ಡ್ ಹತ್ತಿರ ಮನೋವಿಶ್ಲೇಷಣೆ ಮಾಡಿಸಿಕೊಂಡು ಬಂದಿದ್ದ. ನಮ್ಮ ವಿಷಯಕ್ಕೆ ಇದು ಬೇಡ, ಆದರೂ ಹೇಳದೇ ಇರೋಕಾಗಲಿಲ್ಲ.) ಆ ಲೇಖನ ಇದ್ದಿದ್ದೇ ಸಸ್ಯವಿಜ್ಞಾನದ ಪದಗಳ ಬಳಕೆ, ದುರ್ಬಳಕೆ ಬಗ್ಗೆ! ಆಗ ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ ಅವರ ವಾದಕ್ಕೆ ಭಾರಿ ಬೆಲೆ ಇತ್ತು. ಒಂದು ಜಾಗದ ಗಿಡಮರಗಳೆಲ್ಲ ಸೇರಿ ಒಂದು ದೊಡ್ಡ ಜೀವಿ, ಅದು ಹುಟ್ಟುತ್ತೆ, ಬೆಳೆಯುತ್ತೆ, ಪ್ರಾಯಕ್ಕೆ ಬರುತ್ತೆ ಅನ್ನೋ ವಾದ. ದಕ್ಷಿಣ ಆಫ್ರಿಕಾದ ಜಾನ್ ಫಿಲಿಪ್ಸ್ ಅದನ್ನು ಇನ್ನೂ ಎಳೆದರು. ಟಾನ್ಸ್ಲಿಗೆ ತಲೆ ಕೆಟ್ಟಿತು. ಕಾಡು ಪ್ರಾಣಿಯಲ್ಲ. ಮಣ್ಣು, ಗಾಳಿ, ನೀರು, ಗಿಡ, ಹುಳ ಎಲ್ಲವನ್ನೂ ಒಟ್ಟಿಗಿಟ್ಟು ಒಂದು ವ್ಯವಸ್ಥೆ ಅಂತ ನೋಡಿ ಅಂದರು. ಅದಕ್ಕೇ ಇಕೋಸಿಸ್ಟಮ್.

ಅಂದರೆ ಅತಿಯಾದ ಒಂದು ರೂಪಕವನ್ನು ಹೊರಗೆ ಹಾಕೋಕೆ ತಂದ ಪದ ಇದು. ಈಗ ಅದೇ ಬಂದು ಅದೇ ಜಾಗದಲ್ಲಿ ಕೂತಿದೆ.

ವ್ಯಾಪಾರದವರ ಬಾಯಿಗೆ ಇದನ್ನು ಹಾಕಿದ್ದರಲ್ಲಿ ದೊಡ್ಡ ಪಾಲು ಅಮೆರಿಕದ ವ್ಯಾಪಾರ ತಂತ್ರದ ಲೇಖಕ ಜೇಮ್ಸ್ ಮೂರ್ ಅವರದು. 1993ರಲ್ಲಿ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ'ನಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಬೇಟೆಗಾರ ಪ್ರಾಣಿ, ಬಲಿ ಪ್ರಾಣಿ ಎರಡೂ ಇವೆ. ಅಲ್ಲಿ ಕಂಪನಿಗಳು ಕೂಡಿ ಬಾಳುತ್ತವೆ, ಕಚ್ಚಾಡುತ್ತವೆ, ಸಾಯುತ್ತವೆ ಕೂಡ. ಅದು ಹಲ್ಲಿರೋ ರೂಪಕ. ಆದರೆ ಮೂರ್ ನಾಲ್ಕು ಹಂತ ಹೇಳುತ್ತಾರೆ: ಹುಟ್ಟು, ವಿಸ್ತಾರ, ನಾಯಕತ್ವ, ಕೊನೆಗೆ ಮರುಹುಟ್ಟು ಅಥವಾ ಸಾವು. ಟಾನ್ಸ್ಲಿ ಮುಂಬಾಗಿಲಿಂದ ಓಡಿಸಿದ ಕ್ಲೆಮೆಂಟ್ಸ್ ಹಿತ್ತಲಿಂದ ಒಳಗೆ ಬಂದ ಹಾಗಾಯಿತು, ಅಲ್ವಾ? ಆಮೇಲೆ ಬಂದ ಬ್ರೋಷರ್‌ನವರು ಆ ಹಲ್ಲನ್ನೂ ಕಿತ್ತರು. ಇವರ ಇಕೋಸಿಸ್ಟಮ್‌ನಲ್ಲಿ ಯಾರೂ ಯಾರನ್ನೂ ತಿನ್ನಲ್ಲ, ಏನೂ ಕೊಳೆಯಲ್ಲ, ಎಲ್ಲರೂ ನಗುತ್ತಾ ಬೆಳೆಯುತ್ತಾರೆ.

ಹಾಗಾಗಿ ನಾಲ್ಕನೇ ಕಾಲಂ ಸೇರಿಸಿದೆ: 'ಯಾರು ಯಾರನ್ನ ತಿಂತಾರೆ? ಕಸ ಯಾರ ಪಾಲಿಗೆ?'

ಕಾಲಂ ಸರಿಯಿದೆಯಾ ಅಂತ ನೋಡೋಕೆ ಮೊದಲು ದರೋಜಿ ಕರಡಿಧಾಮವನ್ನು ತುಂಬಿಸಿದೆ. ಕರಡಿ ಗೆದ್ದಲು ತಿನ್ನುತ್ತೆ. ಗೆದ್ದಲು ಬಿದ್ದ ಕಟ್ಟಿಗೆ ತಿನ್ನುತ್ತೆ. ಕರಡಿ ತಿಂದ ಹಣ್ಣಿನ ಬೀಜ ಲದ್ದಿಯಲ್ಲಿ ಹೋಗಿ ಬೇರೆ ಕಡೆ ಮೊಳೆಯುತ್ತೆ. ಕರಡಿ ಪ್ರವಾಸಿಗರಿಗೆ ಕಾಣಲಿ ಅಂತ ಬಂಡೆಗೆ ಬೆಲ್ಲ ಸವರುತ್ತಾರಲ್ಲ, ಅದನ್ನೂ ಬರೆದೆ. ಮನುಷ್ಯ ಮಾಡಿದ ಬದಲಾವಣೆಯನ್ನು ಲೆಕ್ಕದಿಂದ ಬಿಡಬಾರದು ಅಂತ ಟಾನ್ಸ್ಲಿಯೇ ಹೇಳಿದ್ದರು.

ಹಾಗಾದರೆ ನಮ್ಮೂರಿನ ಕೌಲ್ ಬಜಾರಿನ ಜೀನ್ಸ್ ಕೆಲಸಕ್ಕೂ ಈ ಪದ ಒಗ್ಗಬಹುದು ಅನ್ನಿಸಿತು. ನನ್ನ ಹತ್ತಿರ ಬಂದ ಬ್ರೋಷರ್ ಒಂದರಲ್ಲಿ 'ಡೆನಿಮ್ ಇಕೋಸಿಸ್ಟಮ್' ಅಂತ ಇತ್ತು, ಜೊತೆಗೆ ಹೊಸ ಮಷೀನಿನ ಫೋಟೋ. ನಾನು ಹೋಗಿ ನೋಡಿದೆ. ಒಂದು ಮನೆಯ ಮುಂದೆ ಒಬ್ಬ ಅಕ್ಕ ಪ್ಯಾಂಟಿನ ರಾಶಿ ಹಾಕಿಕೊಂಡು ಸಣ್ಣ ಕತ್ತರಿಯಲ್ಲಿ ದಾರದ ತುದಿ ಕತ್ತರಿಸುತ್ತಿದ್ದರು. ಒಳಕಾಲಿನ ಹೊಲಿಗೆಗೆ ಪ್ಯಾಂಟನ್ನು ತಿರುವಿ ಹಾಕಬೇಕು, ಹೆಚ್ಚು ಹೊತ್ತು ಹೋಗೋದು ಅಲ್ಲೇ. ಉಗುರಿನ ಸಂದಿಯಲ್ಲಿ ನೀಲಿ ಕೂತಿತ್ತು. ದುಡ್ಡು ಪೀಸಿನ ಲೆಕ್ಕ.

"ಸರ್ವೇ ಮಾಡಾಕ ಬಂದೀರೇನಣ್ಣಾ?"

"ಇಲ್ಲಕ್ಕ, ಸುಮ್ನ ಬರ್ಕೊಳಾಕತ್ತೀನಿ."

"ಹಂಗಾದ್ರ ಇದನ್ನೂ ಬರ್ಕೊರ್ರಿ. ಅಲ್ಲಿ ವಾಷಿಂಗ್ ನಿಂತ್ರ ಇಲ್ಲಿ ನಮ್ ಒಲಿನೂ ನಿಂದ್ರತೈತಿ."

ಬರೆದುಕೊಂಡೆ. ಕಟಿಂಗ್‌ನವರು, ಮನೆಯಲ್ಲೇ ಹೊಲಿಯೋರು, ಗುಂಡಿ ಹಾಕೋರು, ವಾಷಿಂಗ್, ಇಸ್ತ್ರಿ, ಕೊನೆಗೆ ಉದ್ರಿ ಕೊಟ್ಟು ಉದ್ರಿ ತಗೊಳ್ಳೋ ವ್ಯಾಪಾರಿ. ಕಟಿಂಗ್ ಚಿಂದಿ ಕೆಜಿ ಲೆಕ್ಕದಲ್ಲಿ ಹೋಗುತ್ತೆ, ಅದರ ಮೇಲೂ ಯಾರೋ ಬದುಕುತ್ತಾರೆ. ತೊಳೆದ ನೀಲಿ ನೀರು ಮಾತ್ರ ಯಾರಿಗೂ ಬೇಡ. ಊರಿನ ಎಂಟ್ರಿಗಳಲ್ಲಿ ನಾಲ್ಕನೇ ಕಾಲಂ ತುಂಬಿದ್ದು ಇದೊಂದೇ. ಹಾಗಾಗಿ ಪದ ಕಿತ್ತು ಹಾಕೋ ಪಟ್ಟಿಯಿಂದ ಇದನ್ನು ಬಿಟ್ಟಿದ್ದೇನೆ. ಬ್ರೋಷರ್‌ನಲ್ಲಿ ಆ ನೀರಿನ ಸುದ್ದಿ ಇರಲಿಲ್ಲ ಅನ್ನೋದು ಬೇರೆ ಮಾತು.

ಮೊಬೈಲ್ ಕಂಪನಿಗಳದ್ದು ಬೇಗ ಮುಗಿಯಿತು. ಫೋನು, ವಾಚು, ಇಯರ್‌ಫೋನು ಒಂದಕ್ಕೊಂದು ಹೊಂದಿಕೊಂಡು, ಬೇರೆಯವರದಕ್ಕೆ ಸರಿಯಾಗಿ ಹೊಂದದ ಹಾಗೆ ಇಟ್ಟರೆ ಅದು ಬೇಲಿ. ಶೀಟಿನಲ್ಲಿ ಹಾಗೇ ಬರೆದಿದ್ದೇನೆ.

ಕಳೆದ ವಾರ ಕಾಲೇಜಿನ ಕಡೆಯವರೊಬ್ಬರಿಗೆ ಆ ಪದ ತೆಗೆದ ಪ್ರೂಫ್ ತೋರಿಸಿದೆ. ಸಾಲು ಚಿಕ್ಕದಾಗಿ, ಓದೋಕೆ ಚೆನ್ನಾಗಿತ್ತು. ಅವರು ನೋಡಿ, "ಚೆನ್ನಾಗೈತಿ ಸರ್, ಆದ್ರ ವಾಪಸ್ ಹಾಕ್ರಿ. ಬಾಜೂ ಕಾಲೇಜಿನವ್ರು ಹಾಕ್ಯಾರ" ಅಂದರು. ವಾಪಸ್ ಹಾಕಿದೆ, ದುಡ್ಡು ಕೊಡೋರು ಅವರು. ಆದರೆ ಅಲ್ಲಿಂದ ಐದನೇ ಕಾಲಂ ಸಿಕ್ಕಿತು: 'ಯಾರನ್ನ ನೋಡಿ ಹಾಕಿದ್ದು?' ಹಳೇ ಎಂಟ್ರಿಗಳಿಗೆಲ್ಲ ಇದನ್ನು ತುಂಬಬೇಕು. ಗಿರಾಕಿಗಳಿಗೆ ಫೋನ್ ಮಾಡಿ ಕೇಳಬೇಕಾಗುತ್ತೆ, ಕೆಲವರು ಬೈತಾರೆ.

'ಡಿಎನ್ಎ'ಗೆ ಬೇರೆ ಶೀಟ್ ತೆರೆದಾಗಿದೆ. ಮೊದಲ ಎಂಟ್ರಿ ಒಂದು ಮಿರ್ಚಿ ಅಂಗಡಿಯ ಬೋರ್ಡು: ರುಚಿ ಅವರ ಡಿಎನ್ಎಯಲ್ಲೇ ಇದೆಯಂತೆ. ಮಿರ್ಚಿ ಪರವಾಗಿಲ್ಲ, ಸೋಡಾ ಸ್ವಲ್ಪ ಜಾಸ್ತಿ.