ಒಂದೇ ಐಪಿ, ಎರಡು ಯಂತ್ರ: ಪಿಂಗ್ ನಂಬಿ ಕಳೆದ ಎರಡು ದಿನ

ನಾನು ನೋಡಿಕೊಳ್ಳುವ ಕಚೇರಿಯ ನೆಟ್‌ವರ್ಕ್‌ನಲ್ಲಿ ಒಂದು ಪ್ರಿಂಟರ್ ವಿಚಿತ್ರವಾಗಿ ವರ್ತಿಸತೊಡಗಿತ್ತು. ಒಂದು ಕಂಪ್ಯೂಟರ್‌ನಿಂದ ಸಲೀಸಾಗಿ ಪ್ರಿಂಟ್ ಬರುತ್ತಿತ್ತು, ಪಕ್ಕದ ಮೇಜಿನದರಿಂದ ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ತಿರುವುಮುರುವಾಗುತ್ತಿತ್ತು. ಪಿಂಗ್ (ಒಂದು ವಿಳಾಸದಲ್ಲಿರುವ ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಆಜ್ಞೆ) ಮಾಡಿದಾಗಲೆಲ್ಲ ಉತ್ತರ ಬರುತ್ತಿದ್ದುದರಿಂದ ನೆಟ್‌ವರ್ಕ್ ಸರಿಯಿದೆಯೆಂದು ತೀರ್ಮಾನಿಸಿ, ಡ್ರೈವರ್ ಬದಲಾಯಿಸುವುದರಲ್ಲಿ ಎರಡು ದಿನ ಕಳೆದೆ. ಮೂರನೆಯ ದಿನ ಪ್ರಿಂಟರ್‌ನ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದಾಗಲೂ ಪಿಂಗ್‌ನ ಉತ್ತರಗಳು ಪರದೆಯ ಮೇಲೆ ಸಾಲುಗಟ್ಟಿ ಬರುತ್ತಲೇ ಇದ್ದವು.

ಪ್ರಿಂಟರ್‌ನ ಐಪಿ ವಿಳಾಸದಲ್ಲಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆಯಲ್ಲಿ, ಇನ್ನೊಂದು ಯಂತ್ರ ಕುಳಿತಿತ್ತು. ಒಂದು ಕಂಪ್ಯೂಟರ್ ಸ್ಥಳೀಯ ನೆಟ್‌ವರ್ಕ್‌ನಲ್ಲಿ ಮತ್ತೊಂದನ್ನು ತಲುಪಬೇಕಾದರೆ, ಆ ಐಪಿ ಯಾರದೆಂದು ಎಆರ್‌ಪಿ ಎಂಬ ವಿಚಾರಣಾ ಕ್ರಮದ ಮೂಲಕ ಎಲ್ಲರಿಗೂ ಕೇಳುವಂತೆ ಕೂಗಿ, ಉತ್ತರವಾಗಿ ಬಂದ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತದೆ. ಇಬ್ಬರು ಓಗೊಟ್ಟರೆ ಯಾರ ಉತ್ತರ ನೆನಪಿನಲ್ಲಿ ಉಳಿಯಿತೋ ಅವರಿಗೇ ಮುಂದಿನ ಪ್ಯಾಕೆಟ್‌ಗಳೆಲ್ಲ ಹೋಗುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತಿದ್ದುದು ಇದರಿಂದಲೇ.

ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಆರ್ಪಿಂಗ್ (ಎಆರ್‌ಪಿ ಪ್ರಶ್ನೆಯನ್ನು ನಾವೇ ಕಳುಹಿಸುವ ಆಜ್ಞೆ) ಓಡಿಸಿದಾಗ ಒಂದೇ ಐಪಿಗೆ ಎರಡು ಮ್ಯಾಕ್‌ಗಳು ಬಂದವು. ಇಲ್ಲಿ ಒಂದು ಸೂಕ್ಷ್ಮವಿದೆ: ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಆರ್ಪಿಂಗ್ ಮೊದಲ ಉತ್ತರ ಬಂದ ಬಳಿಕ ಎಲ್ಲರನ್ನೂ ಕೇಳುವುದನ್ನು ಬಿಟ್ಟು ಉತ್ತರಿಸಿದವರನ್ನಷ್ಟೇ ಕೇಳುತ್ತದೆ, ಆದ್ದರಿಂದ ‘-b’ ಆಯ್ಕೆ ಕೊಟ್ಟು, ಪ್ರತಿ ಸಲವೂ ಪ್ರಶ್ನೆ ಎಲ್ಲರಿಗೂ ಬ್ರಾಡ್‌ಕಾಸ್ಟ್ ಆಗುವಂತೆ ನೋಡಿಕೊಳ್ಳಬೇಕು. ಮ್ಯಾಕ್‌ನ ಮೊದಲ ಮೂರು ಬೈಟ್‌ಗಳು ತಯಾರಕರ ಗುರುತಾದ್ದರಿಂದ ಎರಡನೆಯದು ಪ್ರಿಂಟರ್ ಅಲ್ಲವೆಂದು ತಕ್ಷಣ ತಿಳಿಯಿತು. ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನ ಮ್ಯಾಕ್ ಪಟ್ಟಿಯಲ್ಲಿ ಅದರ ಪೋರ್ಟ್ ಹುಡುಕಿ ಕೇಬಲ್ ಹಿಡಿದು ಹೋದರೆ, ಅದು ಬಾಗಿಲ ಬಳಿಯ ಹಾಜರಾತಿ ಯಂತ್ರ.

ಆ ಯಂತ್ರಕ್ಕೆ ವಿಳಾಸ ಕೊಟ್ಟವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು. ರಜೆಯ ದಿನ ಪಿಂಗ್ ಮಾಡಿ, ಉತ್ತರ ಬಾರದ ಕಾರಣ ವಿಳಾಸ ಖಾಲಿಯೆಂದು ಬಗೆದು ಕೊಟ್ಟಿದ್ದೆ. ಪ್ರಿಂಟರ್ ಅಂದು ಆಫ್ ಆಗಿತ್ತು. ಆಫ್ ಆಗಿದ್ದ ಯಂತ್ರವನ್ನು ಆರ್ಪಿಂಗ್ ಕೂಡ ಹಿಡಿಯುತ್ತಿರಲಿಲ್ಲ, ಆದರೆ ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಲ್ಲಿ ಪ್ರಿಂಟರ್‌ಗೆ ಕಾದಿರಿಸಿದ್ದ ವಿಳಾಸಗಳ ಪಟ್ಟಿಯನ್ನು ತೆರೆದು ನೋಡಿದ್ದರೆ ಸಾಕಿತ್ತು. ಯಂತ್ರ ಆನ್ ಇದ್ದರೂ ಪಿಂಗ್ ಸಾಲದು, ಏಕೆಂದರೆ ಫೈರ್‌ವಾಲ್ ಇರುವ ಕಂಪ್ಯೂಟರ್ ಪಿಂಗ್‌ಗೆ ಮೌನವಾಗಿರಬಲ್ಲದು. ಎಆರ್‌ಪಿಗೆ ಹಾಗೆ ಮೌನವಾಗಿರಲು ಬಾರದು, ಉತ್ತರಿಸದಿದ್ದರೆ ಅದರ ಸ್ವಂತ ಸಂಪರ್ಕವೇ ನಡೆಯುವುದಿಲ್ಲ.

ಯಂತ್ರಗಳು ತಾವೇ ಇದನ್ನು ಪರೀಕ್ಷಿಸಿಕೊಳ್ಳುವ ಕ್ರಮವನ್ನು 2008ರ ಆರ್‌ಎಫ್‌ಸಿ 5227 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ವಿವರಿಸುತ್ತದೆ. ವಿಳಾಸ ಬಳಸುವ ಮೊದಲು ಒಂದೆರಡು ಸೆಕೆಂಡ್ ಅಂತರದಲ್ಲಿ ಮೂರು ಸಲ ವಿಚಾರಿಸಬೇಕು, ಯಾರೂ ಓಗೊಡದಿದ್ದರೆ ಮಾತ್ರ ಇದು ನನ್ನದೆಂದು ಸಾರಬೇಕು. ವಿಚಾರಿಸುವಾಗ ಕಳುಹಿಸುವವರ ಐಪಿಯ ಜಾಗದಲ್ಲಿ 0.0.0.0 ಇರುತ್ತದೆ, ಇಲ್ಲದಿದ್ದರೆ ಕೇಳುವ ಪ್ರಶ್ನೆಯೇ ಇತರರ ಎಆರ್‌ಪಿ ನೆನಪನ್ನು ಕೆಡಿಸಿಬಿಡುತ್ತದೆ. ಎಲ್ಲ ಉಪಕರಣಗಳೂ ಇದನ್ನು ಪಾಲಿಸುವುದಿಲ್ಲ, ನಮ್ಮ ಎರಡರಲ್ಲಿ ಒಂದೂ ದೂರು ಹೇಳಲಿಲ್ಲ. ಆರ್ಪಿಂಗ್‌ನ ‘-D’ (ದೊಡ್ಡಕ್ಷರ) ಆಯ್ಕೆ ಇದೇ ವಿಚಾರಣೆಯನ್ನು ನಮ್ಮ ಕೈಯಿಂದ ಮಾಡಿಸುತ್ತದೆ, ಆದರೆ ಎಆರ್‌ಪಿ ರೌಟರ್ ದಾಟುವುದಿಲ್ಲವಾದ್ದರಿಂದ ಅದೇ ವಿಎಲ್‌ಎಎನ್‌ನೊಳಗೆ (ಸ್ವಿಚ್‌ನಲ್ಲಿ ಬೇರ್ಪಡಿಸಿದ ಅದೇ ಸ್ಥಳೀಯ ನೆಟ್‌ವರ್ಕ್ ಭಾಗದೊಳಗೆ) ನಿಂತು ಓಡಿಸಬೇಕು.

ಹಾಜರಾತಿ ಯಂತ್ರವನ್ನು ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯ ಹೊರಗಿನ ವಿಳಾಸಕ್ಕೆ ಬದಲಾಯಿಸಿದೆ; ಕೆಲವು ಕಂಪ್ಯೂಟರ್‌ಗಳಲ್ಲಿ ಹಳೆಯ ಎಆರ್‌ಪಿ ನಮೂದನ್ನು ಅಳಿಸಬೇಕಾಯಿತು. ಈ ವಿಧಾನಕ್ಕೆ ದಕ್ಕದ ಒಂದು ಸಂದರ್ಭವೂ ಉಂಟು: ವರ್ಚುವಲ್ ಯಂತ್ರವನ್ನು (ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್ ರೂಪದಲ್ಲಿ ಓಡುವ ಕಂಪ್ಯೂಟರ್) ಮ್ಯಾಕ್ ಸಮೇತ ನಕಲು ಮಾಡಿದ್ದರೆ ಆರ್ಪಿಂಗ್‌ಗೆ ಒಂದೇ ಮ್ಯಾಕ್ ಕಾಣುತ್ತದೆ. ಆಗ ನೋಡಬೇಕಾದದ್ದು ಸ್ವಿಚ್‌ನ ಲಾಗ್. ಅಲ್ಲಿ ಅದೇ ಮ್ಯಾಕ್ ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಜಿಗಿಯುತ್ತಿರುತ್ತದೆ.